ಮೋಲಿಯೇರನಿಗೆ ಜಾಗ ಖಾಲಿ ಇಲ್ಲ

ಫ್ರಾನ್ಸಿನಲ್ಲಿ ನಗಿಸುವವನಿಗೆ ಮರ್ಯಾದೆ ಸಿಗಬೇಕಾದರೆ ಮೊದಲ ಅರ್ಹತೆ ಸಾವು. ಅದೂ ಹೊಸ ಸಾವು ನಡೆಯುವುದಿಲ್ಲ, ನೂರು ವರ್ಷವಾದರೂ ಹಳತಾಗಬೇಕು.

1664ರಲ್ಲಿ ನಾಟಕಕಾರ, ನಟ ಮೋಲಿಯೇರ್ ವರ್ಸೈ ಅರಮನೆಯಲ್ಲಿ ದೊರೆಯ ಮುಂದೆ ‘ತಾರ್ತೂಫ್’ ಆಡಿಸಿದ. ಅದೊಬ್ಬ ಢೋಂಗಿ ಭಕ್ತನ ಕತೆ. ಕೆಲಸದವಳಿಗೆ ಕರವಸ್ತ್ರ ಕೊಟ್ಟು ‘ಮೊದಲು ಎದೆ ಮುಚ್ಚಿಕೋ’ ಎನ್ನುವ ಈ ಮಹಾನುಭಾವ ಆಮೇಲೆ ಕೈಹಾಕುವುದು ಮನೆಯ ಯಜಮಾನಿಗೆ. (ಎ.ಎನ್. ಮೂರ್ತಿರಾಯರು ಇವನನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ಕರೆತಂದಾಗ ಗುರುತು ಹಿಡಿಯಲು ನಮಗೇನೂ ಕಷ್ಟವಾಗಲಿಲ್ಲ.) ಕುಂಬಳಕಾಯಿ ಕಳ್ಳ ಎಂದರೆ ಪ್ಯಾರಿಸ್ಸಿನಲ್ಲೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ನಾಟಕಕ್ಕೆ ನಿಷೇಧ ಬಿತ್ತು. 1667ರಲ್ಲಿ ಹೆಸರು ಬದಲಿಸಿ, ವೇಷ ಬದಲಿಸಿ ಮತ್ತೆ ಆಡಿದರೆ ಒಂದೇ ಪ್ರದರ್ಶನಕ್ಕೆ ಬೀಗ. ಆಮೇಲೆ ಆರ್ಚ್‌ಬಿಷಪ್ಪರ ಫರ್ಮಾನು: ನೋಡಿದರೂ, ಓದಿದರೂ, ಮನೆಯೊಳಗೆ ಓದುವುದನ್ನು ಕೇಳಿಸಿಕೊಂಡರೂ ಬಹಿಷ್ಕಾರ! ಲೇಖಕನಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಯಾವ ಪ್ರಕಾಶಕ ಕೊಟ್ಟಾನು? 1669ರಲ್ಲಿ ಅನುಮತಿ ಸಿಕ್ಕಿದಾಗ ಜನ ನುಗ್ಗಿದರು.

1673ರಲ್ಲಿ, ಇಲ್ಲದ ರೋಗಗಳನ್ನು ಹಚ್ಚಿಕೊಂಡು ನರಳುವವನ ಪಾತ್ರ ಮಾಡಿ ಮನೆಗೆ ಹೋದವನು ಅದೇ ರಾತ್ರಿ ನಿಜವಾಗಿಯೇ ಸತ್ತ. ನಟನಿಗೆ ಮಣ್ಣು ಕೊಡುವುದಿಲ್ಲ ಎಂದಿತು ಚರ್ಚು. ಹೆಂಡತಿ ದೊರೆಯ ಕಾಲಿಗೆ ಬಿದ್ದ ಮೇಲೆ, ರಾತ್ರಿ ಹೊತ್ತು, ಸದ್ದಿಲ್ಲದೆ ಆಗಬಹುದು ಎಂದಿತು.

ಬದುಕಿದ್ದಾಗ ಒಳಗೆ ಬಿಟ್ಟುಕೊಳ್ಳದ ಫ್ರೆಂಚ್ ಅಕಾಡೆಮಿ 1778ರಲ್ಲಿ ಅವನ ಪ್ರತಿಮೆ ತಂದಿಟ್ಟು, ‘ಅವನ ಕೀರ್ತಿಗೆ ಕೊರತೆಯಿಲ್ಲ, ನಮ್ಮ ಕೀರ್ತಿಗೆ ಅವನ ಕೊರತೆಯಿತ್ತು’ ಎಂದು ಬರೆಸಿತು. ಕಲ್ಲಾದವನು ಸಭೆಯಲ್ಲಿ ಬಾಯಿ ಬಿಡುವುದಿಲ್ಲವಲ್ಲ, ಧೈರ್ಯ ಬಂತು. ಅದಕ್ಕೆ ಇಪ್ಪತ್ತು ವರ್ಷ ಮೊದಲು ತತ್ತ್ವಜ್ಞಾನಿ ರೂಸೋ, ಮೋಲಿಯೇರ್ ಸಜ್ಜನರನ್ನು ಗೇಲಿ ಮಾಡುತ್ತಾನೆ ಎಂದು ಮುನಿಸಿಕೊಂಡಿದ್ದ. 1919ರಲ್ಲಿ ಪಿಯೆರ್ ಲೂಯಿಸ್ ಎಂಬ ಕವಿ, ಮೋಲಿಯೇರನ ಮುಖ್ಯ ನಾಟಕಗಳನ್ನು ಬರೆದದ್ದು ಅದೇ ಕಾಲದ ಇನ್ನೊಬ್ಬ ನಾಟಕಕಾರ ಕೊರ್ನೇಯ್ ಎಂದು ಹೊಸ ತಕರಾರು ತೆಗೆದ. ಮೋಲಿಯೇರನೇ ಬರೆದದ್ದು ಎನ್ನಲು 2019ರಲ್ಲಿ ಕಂಪ್ಯೂಟರ್ ಸಾಕ್ಷಿ ಹೇಳಬೇಕಾಯಿತು.

2022ರಲ್ಲಿ ಮೋಲಿಯೇರ್ ಹುಟ್ಟಿ ನಾಲ್ಕುನೂರು ತುಂಬಿತು. ದೇಶದ ಮಹನೀಯರನ್ನು ಇರಿಸುವ ಪ್ಯಾರಿಸ್ಸಿನ ಸ್ಮಾರಕ ಪಾಂಥಿಯೋನಿಗೆ ಸೇರಿಸಿ ಎಂದು ಅಭಿಮಾನಿಗಳು ಕೇಳಿದರು. ಅಧ್ಯಕ್ಷರ ಕಚೇರಿಯಿಂದ ಉತ್ತರ ಬಂತು: ಅದು ಜ್ಞಾನೋದಯ ಯುಗದ ನಂತರದವರಿಗೆ ಮಾತ್ರ. ಮುನಿಸಿಕೊಂಡಿದ್ದ ರೂಸೋ ಒಳಗಿದ್ದಾನೆ. ಹೋಗಲಿ, ಒಪ್ಪಿದ್ದರೂ ಫಜೀತಿ ತಪ್ಪುತ್ತಿರಲಿಲ್ಲ. 1792ರಲ್ಲಿ ಕ್ರಾಂತಿಕಾರರು ಅಗೆದು ತೆಗೆದು, 1817ರಲ್ಲಿ ಪೇರ್ ಲಾಶೇಸ್ ಸ್ಮಶಾನದಲ್ಲಿ ಅದ್ದೂರಿಯಾಗಿ ಹೂತ ಮೂಳೆಗಳು ಯಾರವು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.