ರಾಶಿ ಬಿದ್ದಿದ್ದರೂ ಯಾರಿಗೂ ಕಾಣದ ಕೆಲಸ

ಆಫೀಸಿನಲ್ಲಿ ‘ಲೀನ್’, ಅಂದರೆ ಕೆಲಸದಲ್ಲಿನ ವ್ಯರ್ಥ ಕಡಿಮೆ ಮಾಡೋ ಪದ್ಧತಿ, ತರ್ತಿದಾರಂತೆ ಅನ್ನೋ ಸುದ್ದಿ ಹಬ್ಬಿದರೆ ಸಾಕು, ಯಾರ ಕೆಲಸಕ್ಕೆ ಕುತ್ತು ಅಂತ ಲೆಕ್ಕ ಶುರುವಾಗುತ್ತೆ. ಆ ಭಯ ಸುಳ್ಳೇನಲ್ಲ. ಹತ್ತು ಜನರ ಕೆಲಸವನ್ನ ಏಳು ಜನರ ತಲೆಗೆ ಕಟ್ಟೋದಕ್ಕೇ ಎಷ್ಟೋ ಕಡೆ ಆ ಹೆಸರಿಟ್ಟಿದ್ದಾರೆ.

ಈ ಪದ್ಧತಿಯ ಮೂಲವಾದ ಟೊಯೊಟಾ ಕಾರು ಕಂಪನಿಯಲ್ಲಿ ಎಂಜಿನಿಯರ್ ತೈಇಚಿ ಓನೊ ಪಟ್ಟಿ ಮಾಡಿದ ಏಳು ಥರದ ವ್ಯರ್ಥದಲ್ಲಿ ಕಾಯೋದು ಇದೆ, ದಾಸ್ತಾನು ಇದೆ, ಬೇಡದಷ್ಟು ತಯಾರಿಸೋದು ಇದೆ. ಕೆಲಸಗಾರ ಇಲ್ಲ. ಅಲ್ಲಿ ಲೈನ್‌ನಲ್ಲಿ ನಿಂತವನಿಗೆ ದೋಷ ಕಂಡರೆ ಹಗ್ಗ ಎಳೆದು ಇಡೀ ಲೈನನ್ನೇ ನಿಲ್ಲಿಸಬಹುದು. ನಮ್ಮ ಐಟಿಯಲ್ಲಿ ಗೋ-ಲೈವ್, ಅಂದರೆ ಸಾಫ್ಟ್‌ವೇರನ್ನ ಬಳಕೆಗೆ ಬಿಡೋ ದಿನದ ಹಿಂದಿನ ದಿನ ಟೆಸ್ಟರ್ ಹುಡುಗಿ ‘ಇದನ್ನ ಬಿಡೋ ಹಾಗಿಲ್ಲ ಸರ್’ ಅಂದುನೋಡಲಿ! ಎಸ್ಕಲೇಷನ್ ಮೇಲ್, ರಾತ್ರಿ ಹನ್ನೊಂದಕ್ಕೆ ಕಾಲ್, ಕೊನೆಗೆ ‘ನೋನ್ ಇಶ್ಯೂ’ (ಗೊತ್ತಿರೋ ದೋಷ) ಅಂತ ಬರೆದು ರಿಲೀಸ್.

ಫ್ಯಾಕ್ಟರಿಯಲ್ಲಿ ಅರ್ಧ ಆದ ಕಾರಿನ ಬಾಗಿಲು ರಾಶಿ ಬಿದ್ದರೆ ಓಡಾಡೋಕೆ ಜಾಗ ಇರಲ್ಲ, ಮ್ಯಾನೇಜರ್ರೇ ಎಡವಿ ಬೀಳ್ತಾನೆ. ಐಟಿ ಪ್ರಾಜೆಕ್ಟಿನಲ್ಲಿ ಸೈನ್-ಆಫ್‌ಗೆ ಕಾದಿರೋ ಡಾಕ್ಯುಮೆಂಟು, ಮುಖ್ಯ ಕೋಡಿಗೆ ಮರ್ಜ್ ಆಗದ ಕೋಡು, ಬಿಸಿನೆಸ್‌ನವರಿಗೆ ಯುಎಟಿಗೆ (ಬಳಸೋರೇ ಮಾಡೋ ಕೊನೆಯ ಪರೀಕ್ಷೆಗೆ) ಬಿಡುವಿಲ್ಲ ಅಂತ ನಿಂತ ರಿಪೋರ್ಟು, ಇವಕ್ಕೆ ಯಾರೂ ಎಡವಲ್ಲ. ಸಾಫ್ಟ್‌ವೇರಿನಲ್ಲಿ ದಾಸ್ತಾನು ಅಂದರೆ ಈ ಅರ್ಧಂಬರ್ಧ ಕೆಲಸವೇ ಅಂತ ಮೇರಿ ಮತ್ತು ಟಾಮ್ ಪೊಪ್ಪೆನ್‌ಡೀಕ್ ದಂಪತಿ 2003ರಲ್ಲೇ ಬರೆದಿದ್ದಾರೆ.

ಲೆಕ್ಕ ಬಹಳ ಸುಲಭ. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಸೂತ್ರ: ಕೈಯಲ್ಲಿರೋ ಕೆಲಸಗಳನ್ನ ವಾರಕ್ಕೆ ಮುಗಿಯೋ ಕೆಲಸಗಳಿಂದ ಭಾಗಿಸಿ. 40 ಕೆಲಸ ಶುರು ಮಾಡಿಟ್ಟು ವಾರಕ್ಕೆ 5 ಮುಗಿಸ್ತಿದ್ದರೆ, ಒಂದೊಂದಕ್ಕೆ ಸರಾಸರಿ 8 ವಾರ. ವೇಗ ಅಷ್ಟೇ ಇದ್ದು, 20ಕ್ಕಿಂತ ಹೆಚ್ಚು ಕೈಗೆತ್ತಿಕೊಳ್ಳಲ್ಲ ಅಂದರೆ 4 ವಾರ. ಹೊಸ ಟೂಲ್ ಬೇಡ, ಯಾರನ್ನೂ ಮನೆಗೆ ಕಳಿಸೋದೂ ಬೇಡ. ಬೇಕಾಗಿರೋದು ಸೇಲ್ಸ್ ಹೆಡ್‌ಗೋ ಫೈನಾನ್ಸ್ ಹೆಡ್‌ಗೋ ‘ನಿಮ್ಮದನ್ನ ಈಗ ಶುರು ಮಾಡಲ್ಲ’ ಅಂತ ಮುಖ ಕೊಟ್ಟು ಹೇಳೋ ಧೈರ್ಯ. ಅದಿಲ್ಲ. ಹಾಗಾಗಿ ಎಲ್ಲರದ್ದೂ ‘ಇನ್ ಪ್ರೋಗ್ರೆಸ್’. ಯಾವ ಕೆಲಸ ಯಾವ ಹಂತದಲ್ಲಿದೆ ಅಂತ ತೋರಿಸೋ ಕಾನ್‌ಬಾನ್ ಬೋರ್ಡ್ ಇದೆ, ಒಂದು ಕಾಲಂನಲ್ಲಿ ಎಷ್ಟು ಕೆಲಸ ಇರಬಹುದು ಅನ್ನೋ ಮಿತಿ ಇಲ್ಲ. ಬಣ್ಣದ ಚೀಟಿ ಅಂಟಿಸಿ ಫೋಟೋ ತೆಗೆದು ಲಿಂಕ್ಡ್‌ಇನ್‌ಗೆ ಹಾಕಿದ್ದಷ್ಟೇ ಲಾಭ.

ಕಾರುಗಳೆಲ್ಲ ಒಂದೇ ಥರ, ಸಾಫ್ಟ್‌ವೇರ್ ಹಾಗಲ್ಲ ಅನ್ನೋ ತಕರಾರು ನ್ಯಾಯವೇ. ಪ್ರತಿ ಕೋಡಿಂಗ್ ಕೆಲಸಕ್ಕೂ ನಿಮಿಷದ ಲೆಕ್ಕ ಇಡೋಕೆ ಹೋದರೆ ಕೆಡುತ್ತೆ. ಆದರೂ ಬೆಂಗಳೂರಿನ ವಿಪ್ರೋ 2004ರಿಂದಲೇ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಲೀನ್ ಪ್ರಯೋಗ ಮಾಡಿತ್ತು, ಅದರ ಮೇಲೆ ಅಧ್ಯಯನಗಳೂ ಬಂದಿವೆ. ಕೋಡ್ ಬರೆಯೋ ಹೊತ್ತನ್ನ ಅಳೆಯೋಕೆ ಕಷ್ಟ, ಒಪ್ಪೋಣ. ಅಪ್ರೂವಲ್‌ಗೆ ಕಾದ ದಿನಗಳನ್ನ ಎಣಿಸೋಕೆ ಏನು ಕಷ್ಟ?

ಮುಂದಿನ ಸ್ಟೀರಿಂಗ್ ಕಮಿಟಿ ಮೀಟಿಂಗಲ್ಲಿ ಎಷ್ಟು ಜನ ಬೇಕು ಅನ್ನೋ ಹೆಡ್‌ಕೌಂಟ್ ಸ್ಲೈಡ್ ತೆರೆದಾಗ, ಇತ್ತೀಚೆಗೆ ಮುಗಿದ ಯಾವುದಾದರೂ ಒಂದು ಚೇಂಜ್ ರಿಕ್ವೆಸ್ಟ್ ಎತ್ತಿಕೊಳ್ಳಿ. ಕೇಳಿದ ದಿನದಿಂದ ಬಳಕೆಗೆ ಬಂದ ದಿನದವರೆಗೆ ಅದು ಯಾರ ಇನ್‌ಬಾಕ್ಸಿನಲ್ಲಿ ಎಷ್ಟು ದಿನ ಕೂತಿತ್ತು ಅಂತ ಕೇಳಿ. ಆ ಇನ್‌ಬಾಕ್ಸುಗಳ ಮಾಲೀಕರಲ್ಲಿ ಅರ್ಧ ಜನ ಅದೇ ಮೀಟಿಂಗಲ್ಲಿ ಇರ್ತಾರೆ.