ಆ ಕೊನೆಯ ಸಾಲು ಮಾರ್ಕ್ ಟ್ವೈನ್‌ದಲ್ಲ

ಭಾರತವನ್ನು ಹೊಗಳುವ, ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಹೆಸರಿನ ಮಾತೊಂದು ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಓಡಾಡುತ್ತಿದೆ. 'ಭಾರತ ಮನುಕುಲದ ತೊಟ್ಟಿಲು, ಮಾತು ಹುಟ್ಟಿದ ಜಾಗ, ಇತಿಹಾಸದ ತಾಯಿ' ಎಂದು ಶುರುವಾಗುತ್ತದೆ. 'ಮನುಷ್ಯನ ಇತಿಹಾಸದ ಅಮೂಲ್ಯ ಸಾಮಗ್ರಿ ಭಾರತದಲ್ಲಿ ಮಾತ್ರ ಇದೆ' ಎಂದು ಮುಗಿಯುತ್ತದೆ.

ಮೊದಲ ಭಾಗ ನಿಜಕ್ಕೂ ಟ್ವೈನ್ ಬರೆದದ್ದೇ. 1896ರ ಜನವರಿಯಲ್ಲಿ ಅವರು ಮುಂಬೈಗೆ ಬಂದಿಳಿದರು. ಮರುವರ್ಷ ಪ್ರಕಟವಾದ 'ಫಾಲೋಯಿಂಗ್ ದಿ ಈಕ್ವೇಟರ್' ಪ್ರವಾಸ ಕಥನದ 38ನೇ ಅಧ್ಯಾಯದಲ್ಲಿ ಈ ಮಾತಿದೆ. ಕೊನೆಯ ಸಾಲು ಮಾತ್ರ ಅವರದಲ್ಲ. ಅದು ಜರ್ಮನ್ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅವರದು. ಕೇಂಬ್ರಿಜ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳು 1883ರಲ್ಲಿ 'ಇಂಡಿಯಾ: ವಾಟ್ ಕ್ಯಾನ್ ಇಟ್ ಟೀಚ್ ಅಸ್?' ಎಂಬ ಪುಸ್ತಕವಾದವು. ಆ ಸಾಲು ಅದರಲ್ಲಿದೆ. ಅಲ್ಲೂ 'ಅಮೂಲ್ಯ ಸಾಮಗ್ರಿಗಳಲ್ಲಿ ಕೆಲವು' ಎಂದಿದೆ, ಎಲ್ಲವೂ ಎಂದಲ್ಲ.

ಇನ್ನೊಂದು ವಿಷಯ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ಟ್ವೈನ್ ಬರೆದ ಆ ಒಂದೇ ಉದ್ದ ವಾಕ್ಯದಲ್ಲಿ ಅಪಾರ ಸಿರಿಯ ಜೊತೆಗೆ ಅಪಾರ ಬಡತನವೂ ಇದೆ. ಅರಮನೆ, ಗುಡಿಸಲು, ಬರಗಾಲ, ಸಾಂಕ್ರಾಮಿಕ ರೋಗ, ಹುಲಿ, ನಾಗರಹಾವು ಎಲ್ಲವೂ ಬರುತ್ತವೆ. ಫಾರ್ವರ್ಡ್‌ನಲ್ಲಿ ಅದೆಲ್ಲ ಕಾಣೆಯಾಗಿದೆ. ಹೊಗಳಿಕೆಯನ್ನಷ್ಟೇ ಉಳಿಸಿದರೆ ಅದು ಅವರು ಕಂಡ ಭಾರತವಲ್ಲ, ಅಲ್ವಾ?

ನುಡಿಮುತ್ತುಗಳ ಸಂಗ್ರಹದಲ್ಲಿ ಓದಿದ್ದೇವೆ ಎನ್ನುವವರು ಒಮ್ಮೆ ಗಮನಿಸಿ: ಪುಸ್ತಕ, ಅಧ್ಯಾಯ ಅಥವಾ ಪತ್ರದ ತಾರೀಖು ಕೊಡದೆ ಸುಮ್ನೆ ಹೆಸರು ಹಾಕಿರುವ ಸಂಗ್ರಹವನ್ನು ಆಧಾರ ಎನ್ನಲಾಗದು. ಎರಡೂ ಮೂಲ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.