ಕಣ್ಣು ಕಟ್ಟಿ ಇನ್ನೊಂದು ಸಲ

ನಮ್ಮ ಜಗಳೂರು ಕಡೆ ಬೋರ್ ಕೊರೆಸುವ ಮುಂಚೆ ಪಾಯಿಂಟ್ ಮಾಡಿಸುತ್ತಾರೆ. ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಗುರುತು ಮಾಡುತ್ತಾರೆ. ಆಮೇಲೆ ಲಾರಿ ಬರುತ್ತದೆ, ಅಡಿ ಲೆಕ್ಕದಲ್ಲಿ ದುಡ್ಡು ಸುರಿಯುತ್ತದೆ.

ನಮ್ಮ ಹೊಲದಲ್ಲಿ ಹೀಗೆ ಎರಡು ಬೋರ್ ಫೇಲಾದವು. ಬರೀ ಧೂಳು. ಹೋದ ತಿಂಗಳು ಮೂರನೆಯದಕ್ಕೆ ಪಾಯಿಂಟ್ ಮಾಡಿದಾಗ ನಾನು ಕೇಳಿಯೇ ಬಿಟ್ಟೆ: "ಅಣ್ಣಾ, ಕಣ್ಣಿಗೆ ಟವೆಲ್ ಕಟ್ತೀನಿ. ಇದೇ ಜಾಗ ಇನ್ನೊಂದು ಸಲ ಹುಡುಕ್ತೀರಾ?" ಪಾಪ, ಒಪ್ಪಿದರು. ಕಾಯಿ ಎದ್ದಿತು, ಆದರೆ ಕಲ್ಲಿನಿಂದ ಮೂವತ್ತು ಹೆಜ್ಜೆ ಆಚೆ. ಮತ್ತೆ ನಡೆಸಿದರೆ ಬದುವಿನ ಹತ್ತಿರ. ಟವೆಲ್ ಬಿಚ್ಚಿದಾಗ ನನಗಿಂತ ಅವರಿಗೇ ಜಾಸ್ತಿ ಆಶ್ಚರ್ಯವಾಗಿತ್ತು. ಅವರು ಮೋಸಗಾರರಲ್ಲ. ಅಂಗೈ ಮೇಲೆ ಅಡ್ಡ ಇಟ್ಟ ಕಾಯಿ ಬೆರಳು ಚೂರು ಮಿಸುಕಿದರೂ ಏಳುತ್ತದೆ, ಅದು ಅವರಿಗೇ ಗೊತ್ತಾಗುವುದಿಲ್ಲ. ಜರ್ಮನಿಯ ಕಾಸೆಲ್‌ನಲ್ಲಿ 1990ರಲ್ಲಿ ನೀರು ನೋಡುವ 30 ಜನರನ್ನು ಹೀಗೇ ಪರೀಕ್ಷಿಸಿದ್ದರು. ಹೂತಿಟ್ಟ ಪೈಪಿನಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳಬೇಕಿತ್ತು. ನಾಣ್ಯ ಚಿಮ್ಮಿದರೆ ಎಷ್ಟು ಸರಿ ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ಬಂತು.

ದೊಡ್ಡಪ್ಪನಿಗೆ ಸಿಟ್ಟು. "ನಿನಗೆ ಎಲ್ಲದಕ್ಕೂ ಅನುಮಾನ" ಅಂದರು. ಆ ಮಾತು ಮನಸ್ಸಲ್ಲೇ ಉಳಿಯಿತು. ನಮ್ಮ ಮಾತಿನಲ್ಲಿ ಅನುಮಾನ ಅಂದರೆ ಮನುಷ್ಯರನ್ನು ನಂಬದಿರುವುದು. ಆದರೆ ತರ್ಕ ಓದಿದವರಿಗೆ ಹೊಗೆ ಕಂಡು ಬೆಂಕಿ ಇದೆ ಅಂತ ತಿಳಿಯುವುದೇ ಅನುಮಾನ. ಅದೂ ಒಂದು ಪ್ರಮಾಣ, ಅಂದರೆ ನಿಜ ತಿಳಿಯುವ ದಾರಿ. ತರ್ಕ ಕಲಿಸುವ ನಮ್ಮ ಹಳೆಯ ನ್ಯಾಯ ದರ್ಶನ ಎಣಿಸುವ 16 ವಿಷಯಗಳಲ್ಲಿ ಸಂಶಯವೂ ಒಂದು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮ ಹಿರಿಯರೇ ಹೇಳಿಲ್ವಾ? ನಾನು ಅನುಮಾನಿಸಿದ್ದು ಕಾಯಿಯನ್ನು, ಆ ಅಣ್ಣನನ್ನಲ್ಲ.

ಎಲ್ಲಾ ಸುಳ್ಳು, ಡಾಕ್ಟರೂ ಸುಳ್ಳು, ಲಸಿಕೆಯೂ ಸುಳ್ಳು ಅನ್ನುವವರ ಜೊತೆ ನನ್ನನ್ನು ಸೇರಿಸಬೇಡಿ. ಅವರು ಪರೀಕ್ಷೆ ಮಾಡುವುದೇ ಇಲ್ಲ.

ಊರಲ್ಲಿ ನೀರು ಬಿದ್ದ ಬೋರ್ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಫೇಲಾದದ್ದನ್ನು ಯಾರೂ ಎಣಿಸುವುದಿಲ್ಲ. ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಇರುವುದು ಬಿರುಕುಗಳಲ್ಲಿ. ಮುಂದಿನ ವಾರ ಭೂವಿಜ್ಞಾನಿ ಮಿಷನ್ ತರುತ್ತಾರೆ. ಅದು ಹೇಳುವುದೂ ಅಂದಾಜೇ. ಎಷ್ಟು ಅಡಿಗೆ ನೀರು ಅಂತ ಲಾರಿ ಬರುವ ಮುಂಚೆಯೇ ಅವರ ಕೈಲಿ ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ. ಚೀಟಿ ದೊಡ್ಡಪ್ಪನ ಜೇಬಿನಲ್ಲಿರುತ್ತದೆ.